ಪತ್ತಿನಿಂದ ಕಾರ್ಡಿನವರೆಗೆ: ನಮ್ಮ ಸೀಮೆಯ ಸಾಲದ ಚರಿತ್ರೆ

ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕೆಂದು ಕಾರ್ಯದರ್ಶಿಗಳು ಮೂರು ಸಲ ಮನೆಗೆ ಬಂದು ಹೋದರು. “ಹೊಯ್ಸಳೇಶ್ವರ ದೇವಸ್ಥಾನದ ಮೇಲೆ ಬರೀರಿ ಮೇಷ್ಟ್ರೇ” ಅಂದರು. ಅದರ ಮೇಲೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಹೊಸದಾಗಿ ಹೇಳಲು ನನ್ನಂಥವನಿಗೆ ಏನೂ ಉಳಿದಿಲ್ಲ. ಸಹಕಾರ ಸಂಘದ ಸಂಚಿಕೆಯಲ್ಲಿ ಸಾಲದ ವಿಚಾರ ಬರೆಯುವುದೇ ಲೇಸು ಎಂದುಕೊಂಡೆ. ಅದಕ್ಕೊಂದು ಕಾರಣವೂ ಇದೆ.

ಹೋದ ವರ್ಷ ಬಸ್ ನಿಲ್ದಾಣದ ಹತ್ತಿರ ಟೈ ಕಟ್ಟಿಕೊಂಡ ಇಬ್ಬರು ಹುಡುಗರು ಒಂದು ಮೇಜು ಹಾಕಿಕೊಂಡು ಕೂತಿದ್ದರು. ಮೇಲೊಂದು ಬಣ್ಣದ ಕೊಡೆ. “ಸಾರ್, ಕ್ರೆಡಿಟ್ ಕಾರ್ಡ್ ತಗಳಿ, ಲೈಫ್ ಟೈಮ್ ಫ್ರೀ” ಅಂದರು. “ನನಗೆ ಎಪ್ಪತ್ತಾಯ್ತು ಕಣ್ರಪ್ಪ, ಲೈಫ್ ಟೈಮ್ ಅಂದ್ರೆ ಇನ್ನೆಷ್ಟು?” ಅಂದೆ. ನಕ್ಕರು. ಆಮೇಲೆ ಅವರಲ್ಲೊಬ್ಬ ಸ್ವಲ್ಪ ಕನಿಕರದ ದನಿಯಲ್ಲೇ ಕೇಳಿದ: “ಕಾರ್ಡೇ ಇಲ್ದೆ ಹೆಂಗೆ ಸಾರ್ ಇಷ್ಟು ವರ್ಷ ಕಾಲ ಹಾಕಿದ್ರಿ?” ಆ ಹುಡುಗನಿಗೆ ಅಲ್ಲೇ ಉತ್ತರ ಹೇಳಲು ಹೊತ್ತಿರಲಿಲ್ಲ. ಈಗ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಮಾತು. ನಮ್ಮ ಸಂಘದ ಬೋರ್ಡಿನ ಮೇಲೆ ‘ಪತ್ತಿನ’ ಎಂಬ ಪದ ಇದೆಯಲ್ಲ, ಅದರ ಅರ್ಥ ಏನೆಂದು ಶಾಲೆಯ ಮಕ್ಕಳನ್ನು ಕೇಳಿದರೆ ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತಿರುವುದಿಲ್ಲ. ದೊಡ್ಡವರಲ್ಲೂ ಕೆಲವರು ಪತ್ತೆ ಹಚ್ಚುವ ಸಂಘ ಎಂದುಕೊಂಡವರಿದ್ದಾರೆ! ಪತ್ತು ಅಂದರೆ ‘ಇವನಿಗೆ ಕೊಟ್ಟರೆ ವಾಪಸ್ ಬರುತ್ತದೆ’ ಎಂಬ ನಂಬಿಕೆ. ಮರಾಠಿಯಲ್ಲಿ ಇದನ್ನೇ ‘ಪತ’ ಅನ್ನುತ್ತಾರೆ. ಇಂಗ್ಲಿಷಿನ ಕ್ರೆಡಿಟ್ ಎಂಬ ಪದದ ಮೂಲಕ್ಕೂ ನಂಬಿಕೆ ಎಂದೇ ಅರ್ಥ. ಹಾಗಾಗಿ ಕ್ರೆಡಿಟ್ ಕಾರ್ಡು ಎಂದರೆ ಪತ್ತಿನ ಚೀಟಿ. ಆ ಪತ್ತು ನಮ್ಮಲ್ಲಿ ಕಾರ್ಡು ಬರುವುದಕ್ಕೆ ಎಂಟುನೂರು ಒಂಬೈನೂರು ವರ್ಷ ಮೊದಲೇ ಇತ್ತು. ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ.

ನಮ್ಮ ಊರು ದೋರಸಮುದ್ರವಾಗಿದ್ದ ಕಾಲದಲ್ಲಿ ಗದ್ಯಾಣ, ಪಣ, ಹಾಗ, ವೀಸ ಎಂಬ ನಾಣ್ಯಗಳು ಚಲಾವಣೆಯಲ್ಲಿದ್ದವು. ಆಗಿನ ಕಾಲದ ಶ್ರೀಮಂತರು ದೇವರ ನಂದಾದೀವಿಗೆಗೆ ಎಣ್ಣೆ ಕೊಡಬೇಕೆಂದರೆ ದಿನಾ ಎಣ್ಣೆ ತಂದು ಹಾಕುತ್ತಿರಲಿಲ್ಲ. ಇಷ್ಟು ಗದ್ಯಾಣ ಎಂದು ಊರಿನ ಮಹಾಜನರ ಕೈಗೋ ವರ್ತಕರ ಸಂಘದ ಕೈಗೋ ಒಪ್ಪಿಸಿ, ಅದರ ಬಡ್ಡಿಯಲ್ಲಿ ದೀಪ ಉರಿಯಲಿ ಎಂದು ಶಾಸನ ಬರೆಸುತ್ತಿದ್ದರು. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ಬಳಸಬೇಕು. ಹೊಯ್ಸಳರ ನಾಡಿನಲ್ಲಿ ಇಂಥ ಶಾಸನಗಳು ಒಂದೆರಡಲ್ಲ. ಬಿ.ಎಲ್. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಆಸಕ್ತಿ ಇದ್ದವರು ಹಾಸನದ ಯಾವುದಾದರೂ ಕಾಲೇಜಿನ ಗ್ರಂಥಾಲಯದಲ್ಲಿ ತೆಗೆದು ನೋಡಬಹುದು. ನನಗೆ ಇದರಲ್ಲಿ ಆಶ್ಚರ್ಯ ಎನಿಸುವುದು ಒಂದೇ. ಠೇವಣಿ ಇಡುತ್ತಿದ್ದುದು ಒಬ್ಬ ಸಾಹುಕಾರನ ಹತ್ತಿರ ಅಲ್ಲ, ಹತ್ತು ಜನ ಸೇರಿದ ಒಂದು ಗುಂಪಿನ ಹತ್ತಿರ. ಒಬ್ಬ ಸತ್ತರೆ ಗುಂಪು ಸಾಯುವುದಿಲ್ಲವಲ್ಲ.

ಬಡ್ಡಿಗೂ ಒಂದು ಮಿತಿ ಇತ್ತು. ಚಾಳುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಬ್ರಿಟಿಷರ ಕಾಲದಲ್ಲೂ ಕೋರ್ಟುಗಳು ಆಸ್ತಿ ಹಂಚಿಕೆಗೆ ಅದನ್ನೇ ಆಧಾರ ಮಾಡಿಕೊಂಡಿದ್ದವು. ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲಿ ಸಾಲದ ಹಣಕ್ಕೆ ಬಡ್ಡಿ ಎಷ್ಟೇ ಬೆಳೆದರೂ ಅಸಲನ್ನು ಮೀರಕೂಡದು ಎಂಬ ನಿಯಮ ಇದೆ. ನೂರು ಕೊಟ್ಟವನು ಬಡ್ಡಿ ಸೇರಿಸಿ ಇನ್ನೂರರ ಮೇಲೆ ಕೇಳುವ ಹಾಗಿಲ್ಲ. ಮುಂಬಯಿ ಪ್ರಾಂತ್ಯದ ಕಡೆ ಇದನ್ನು ದಾಮ್‌ದುಪ್ಪಟ್ ಎನ್ನುತ್ತಿದ್ದರು. ಶಾಸ್ತ್ರದಲ್ಲಿದ್ದದ್ದು ಊರಿನಲ್ಲಿ ನಡೆಯುತ್ತಿತ್ತೇ ಎಂದರೆ ಅದು ಬೇರೆ ಮಾತು.

ಊರಿನಲ್ಲಿ ನಡೆಯುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ಬಾಲ್ಯದಲ್ಲಿ ಕಾಸಿನ ಮುಖ ನೋಡುವುದು ಸುಗ್ಗಿಯಲ್ಲಿ ಮಾತ್ರ. ಉಳಿದ ದಿನ ಎಲ್ಲವೂ ಕಡದಲ್ಲೇ. ಪಕ್ಕದ ಮನೆಯಿಂದ ಒಂದು ಪಾವು ಬೆಲ್ಲ, ಅರ್ಧ ಸೇರು ಬೇಳೆ ಕಡ ತರುವುದು, ಮತ್ತೆ ತಂದ ಪಾತ್ರೆಯಲ್ಲೇ ಅಳೆದು ಹಿಂದಿರುಗಿಸುವುದು. ಇದಕ್ಕೆ ಬಡ್ಡಿ ಇಲ್ಲ. ಪಾತ್ರೆಯನ್ನು ಮಾತ್ರ ಬರಿದು ಕೊಡಬಾರದು, ಒಂದು ಹಿಡಿ ಹೆಚ್ಚು ಹಾಕಬೇಕು. ನಾಟಿಗೆ, ಕೊಯ್ಲಿಗೆ ಮುಯ್ಯಾಳು. ಇವತ್ತು ನಮ್ಮ ಹೊಲಕ್ಕೆ ಅವರ ಮನೆಯ ಇಬ್ಬರು ಬಂದರೆ, ಬರೋ ಗುರುವಾರ ಅವರ ಹೊಲಕ್ಕೆ ನಮ್ಮ ಮನೆಯ ಇಬ್ಬರು. ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಇದ್ದೇ ಇತ್ತು. ಯಾರು ಎಷ್ಟು ಹಾಕಿದರು ಎಂದು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಅದಕ್ಕಿಂತ ಒಂದು ರೂಪಾಯಿಯಾದರೂ ಹೆಚ್ಚು ಹಾಕುವುದು. ಈ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳು ಈಗಲೂ ಇವೆ.

ಇದರ ಜೊತೆಗೆ ಅಂಗಡಿಯ ಲೆಕ್ಕ. ‘ಇಂದು ನಗದು ನಾಳೆ ಸಾಲ’ ಎಂದು ಎಲ್ಲ ಅಂಗಡಿಯಲ್ಲೂ ಬೋರ್ಡು ಇತ್ತು. ಆ ಬೋರ್ಡಿನ ಕೆಳಗೇ ಕೂತು ಶೆಟ್ಟರು ಉದ್ದನೆಯ ಕೆಂಪು ಬಟ್ಟೆಯ ಪುಸ್ತಕದಲ್ಲಿ ಸಾಲ ಬರೆದುಕೊಳ್ಳುತ್ತಿದ್ದರು! ಒಂದು ಪುಟಕ್ಕೆ ಒಂದು ಮನೆ. ನಮ್ಮ ಅಮ್ಮ ನನ್ನನ್ನು ಎಣ್ಣೆಗೆ ಕಳಿಸಿದರೆ “ಲೆಕ್ಕಕ್ಕೆ ಬರೆಸು” ಅನ್ನುತ್ತಿದ್ದರು. ಸುಗ್ಗಿಯಾದ ಮೇಲೆ ಅಪ್ಪ ರಾಗಿಯನ್ನೋ ಮೆಣಸಿನಕಾಯಿಯನ್ನೋ ಮಾರಿ ಬಂದು ಪುಟಕ್ಕೆ ಗೀಟು ಹಾಕಿಸುತ್ತಿದ್ದರು. ಕ್ರೆಡಿಟ್ ಕಾರ್ಡು ಮಾಡುವ ಕೆಲಸ ಇದೇ ಅಲ್ಲವೇ? ಇವತ್ತು ಸಾಮಾನು, ಮುಂದೆ ದುಡ್ಡು. ವ್ಯತ್ಯಾಸ ಇಷ್ಟೇ: ಶೆಟ್ಟರಿಗೆ ನಮ್ಮ ಹೊಲ ಗೊತ್ತು, ನಮ್ಮ ಹೊಲಕ್ಕೆ ಮಳೆ ಬಿತ್ತೋ ಇಲ್ಲವೋ ಗೊತ್ತು, ಅಪ್ಪನಿಗೆ ಜ್ವರ ಬಂದರೆ ಅದೂ ಗೊತ್ತು. ಮಳೆ ಬಾರದ ವರ್ಷ “ಆಗಲಿ ಬಿಡು, ಬರೋ ಸುಗ್ಗಿಗೆ ನೋಡಣ” ಎಂದು ಪುಟ ತಿರುವುತ್ತಿದ್ದರು. ಶೆಟ್ಟರು ಧರ್ಮಾತ್ಮರು ಅಂತ ಹೇಳುತ್ತಿಲ್ಲ. ಬೆಲೆಯಲ್ಲೇ ಅಷ್ಟೋ ಇಷ್ಟೋ ಬಡ್ಡಿ ಸೇರಿಸಿಬಿಟ್ಟಿರುತ್ತಿದ್ದರು. ಅದು ಅಮ್ಮನಿಗೂ ಗೊತ್ತಿತ್ತು.

ಆದರೆ ಹಳೆಯ ಕಾಲವೆಲ್ಲ ಚಿನ್ನದ ಕಾಲ ಎಂದು ನಾನು ಬರೆದರೆ ದೊಡ್ಡ ಸುಳ್ಳಾದೀತು. ಕಡ, ಮುಯ್ಯಿ, ಅಂಗಡಿ ಲೆಕ್ಕ ಇವೆಲ್ಲ ಉಪ್ಪು ಮೆಣಸಿನಕಾಯಿಯ ಮಟ್ಟಕ್ಕೆ ಸರಿ. ಎತ್ತು ಸತ್ತರೆ, ಮಗಳ ಮದುವೆ ಬಂದರೆ, ಆಸ್ಪತ್ರೆ ಸೇರಿದರೆ ಸಾಹುಕಾರರ ಜಗಲಿಯೇ ಗತಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಮರ್ಯಾದಸ್ಥ ಬಡ್ಡಿ. ರಾಗಿ ಸಾಲ ತಂದರೆ ಸುಗ್ಗಿಗೆ ಒಂದಕ್ಕೆ ಒಂದೂವರೆ. ಜಮೀನನ್ನು ಭೋಗ್ಯಕ್ಕೆ ಹಾಕಿದರೆ ಬಡ್ಡಿಗೆ ಬದಲಾಗಿ ಬೆಳೆಯೆಲ್ಲ ಅವರದು, ಅಸಲು ಹಾಗೇ ನಿಂತಿರುತ್ತದೆ. ತನ್ನ ಹೊಲದಲ್ಲೇ ಕೂಲಿ ಮಾಡಿದವರನ್ನು ನಾನು ಬಲ್ಲೆ. ಹೊಲವೂ ಇಲ್ಲದವನು ಮಗನನ್ನೇ ಜೀತಕ್ಕೆ ಬಿಡುತ್ತಿದ್ದ. ಜೀತ ಪದ್ಧತಿಯನ್ನು ಕಾನೂನಿನಲ್ಲಿ ರದ್ದು ಮಾಡಿದ್ದು 1975ರ ಅಕ್ಟೋಬರಿನಲ್ಲಿ, ಸುಗ್ರೀವಾಜ್ಞೆಯ ಮೂಲಕ. ಮರುವರ್ಷ ಅದು ಕಾಯ್ದೆಯಾಯಿತು. ದೇವರಾಜ ಅರಸರ ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂದಾಗ ಬಡವರ ಗಿರವಿ ಒಡವೆ ಪಾತ್ರೆಗಳು ಮನೆಗೆ ವಾಪಸ್ ಬಂದವು. ನಮ್ಮ ಕೇರಿಯಲ್ಲಿ ಆವತ್ತು ಹಬ್ಬ. ಆದರೆ ಮರುವರ್ಷ ಬಿತ್ತನೆಗೆ ಕಾಸು ಬೇಕಾದಾಗ ಯಾರೂ ಬಾಗಿಲು ತೆಗೆಯಲಿಲ್ಲ. ಹಳೇ ಸಾಲ ಹೋಯಿತು, ಹೊಸ ಸಾಲ ಹುಟ್ಟಲಿಲ್ಲ. ಸಾಹುಕಾರನನ್ನು ಓಡಿಸಿದರೆ ಸಾಲದು, ಅವನು ಕೂತಿದ್ದ ಜಾಗದಲ್ಲಿ ಇನ್ನೊಬ್ಬರು ಕೂರಬೇಕು ಎಂಬುದು ಆಗ ತಿಳಿಯಿತು.

ಆ ಜಾಗದಲ್ಲಿ ಕೂರಲೆಂದೇ ಹುಟ್ಟಿದ್ದು ಸಹಕಾರ ಸಂಘ. ಜರ್ಮನಿಯಲ್ಲಿ ರೈಫೈಸೆನ್ ಎಂಬಾತ 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ರೈತರ ಸಾಲದ ಸಂಘ ಕಟ್ಟಿದ. ಅವನ ಉಪಾಯ ಬಹಳ ಸರಳ. ಸಂಘ ಒಂದೇ ಊರಿಗೆ ಸೀಮಿತವಾಗಿರಬೇಕು, ಯಾಕೆಂದರೆ ಯಾರು ಹೇಗೆ ಎಂದು ಆ ಊರಿನವರಿಗೇ ಗೊತ್ತಿರುತ್ತದೆ. ಒಬ್ಬ ಕಟ್ಟದಿದ್ದರೆ ಎಲ್ಲರೂ ಸೇರಿ ಜವಾಬ್ದಾರರು. ಆಸ್ತಿ ಇಲ್ಲದವನಿಗೆ ನೆರೆಯವರ ನಂಬಿಕೆಯೇ ಆಸ್ತಿ. ಮದ್ರಾಸ್ ಸರ್ಕಾರ ಇದನ್ನು ನೋಡಿಕೊಂಡು ಬರಲು ನಿಕಲ್ಸನ್ ಎಂಬ ಅಧಿಕಾರಿಯನ್ನು ಕಳಿಸಿತು. ಆತನ ವರದಿ 1895ರಿಂದ 1897ರೊಳಗೆ ಎರಡು ಭಾಗವಾಗಿ ಬಂತು. 1904ರ ಮಾರ್ಚಿಯಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು.

ಮರುವರ್ಷವೇ, ಅಂದರೆ 1905ರ ಮೇ 8ರಂದು, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಸ್ಥಾಪಿಸಿದರು. ದೇಶದಲ್ಲೇ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಅದಕ್ಕೆ ಹೆಸರು. ಪಾಟೀಲರನ್ನು ಕರ್ನಾಟಕದ ಸಹಕಾರ ಚಳವಳಿಯ ಪಿತಾಮಹ ಎನ್ನುತ್ತಾರೆ. ಕಣಗಿನಹಾಳ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ನಾವಿದ್ದದ್ದು ಮೈಸೂರು ಸಂಸ್ಥಾನದಲ್ಲಿ. ಇಲ್ಲೂ 1905ರಲ್ಲೇ ಸಂಸ್ಥಾನದ ಕಾಯ್ದೆ ಬಂದು, ಬೆಂಗಳೂರು ಸಿಟಿ ಸಹಕಾರ ಸಂಘ ಅದೇ ವರ್ಷ ಶುರುವಾಯಿತು. ಹಳ್ಳಿಗಳ ತನಕ ಅದು ಬರುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ಎಷ್ಟು ಕಾಲ ಅಂದರೆ, ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ರಿಸರ್ವ್ ಬ್ಯಾಂಕು ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಮಾಡಿಸಿತು. ಗೋರ್ವಾಲಾ ಸಮಿತಿಯ ವರದಿ 1954ರಲ್ಲಿ ಹೊರಬಂದಾಗ ಎಲ್ಲರೂ ಬೆಚ್ಚಿದರು. ರೈತ ಮಾಡಿದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳು ಕೊಟ್ಟದ್ದು ಸುಮಾರು 3 ರೂಪಾಯಿ. ಬ್ಯಾಂಕುಗಳು ಕೊಟ್ಟದ್ದು ಒಂದು ರೂಪಾಯಿಯೂ ಇಲ್ಲ. ಹತ್ತಿರ ಹತ್ತಿರ 70 ರೂಪಾಯಿ ಲೇವಾದೇವಿಯವರದು. ಕಾಯ್ದೆಯಾಗಿ ಐವತ್ತು ವರ್ಷವಾದ ಮೇಲಿನ ಸ್ಥಿತಿ ಅದು. ಸರ್ಕಾರ ಸಂಘಗಳಲ್ಲಿ ಪಾಲು ಹಾಕಿದ್ದು, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳು ಬಲವಾದದ್ದು, 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದದ್ದು ಎಲ್ಲ ಅದರ ನಂತರದ ಕಥೆ.

ನಮ್ಮ ಸಂಘ ಹುಟ್ಟಿದಾಗ ಒಂದು ಬಾಡಿಗೆ ಕೋಣೆ, ಒಂದು ಕಬ್ಬಿಣದ ಬೀರು, ನಾಲ್ಕು ರಿಜಿಸ್ಟರು. ಷೇರು ಹಣಕ್ಕೆ ಮನೆಮನೆಗೆ ಓಡಾಡಿದೆವು. “ನಿಮ್ ಸಂಘ ಎಷ್ಟು ದಿನ ಇರ್ತದೆ ಮೇಷ್ಟ್ರೇ” ಎಂದು ಕೇಳಿದವರೇ ಹೆಚ್ಚು. ಆ ಮಾತು ಕೇಳಿದವರಲ್ಲಿ ಕೆಲವರು ಈಗ ನಿರ್ದೇಶಕರಾಗಿದ್ದಾರೆ, ಹೆಸರು ಬೇಡ. ಉಳಿದ ವಿವರ ವರದಿಯಲ್ಲಿ ಅಚ್ಚಾಗಿದೆ, ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಈಗ ಕಾರ್ಡಿನ ವಿಚಾರಕ್ಕೆ ಬರೋಣ. 1950ರಲ್ಲಿ ನ್ಯೂಯಾರ್ಕಿನ ಫ್ರಾಂಕ್ ಮೆಕ್‌ನಮಾರ ಎಂಬಾತ ಡೈನರ್ಸ್ ಕ್ಲಬ್ ಎಂಬ ಕಾರ್ಡು ಶುರು ಮಾಡಿದ. ಹೋಟೆಲಿನಲ್ಲಿ ಊಟ ಮಾಡಿ, ಕಾರ್ಡು ತೋರಿಸಿ, ತಿಂಗಳ ಕೊನೆಗೆ ಒಟ್ಟಿಗೆ ಕಟ್ಟುವುದು. ಇದೊಂದು ರೀತಿಯಲ್ಲಿ ನಮ್ಮ ಶೆಟ್ಟರ ಪುಸ್ತಕವೇ. ಆದರೆ 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕದವರು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನಲ್ಲಿ ಮಾಡಿದ ಕೆಲಸ ಬೇರೆ. ಯಾರೂ ಅರ್ಜಿ ಹಾಕದೆಯೇ ಸುಮಾರು 60 ಸಾವಿರ ಕಾರ್ಡುಗಳನ್ನು ಟಪಾಲಿನಲ್ಲಿ ಮನೆಮನೆಗೆ ಕಳಿಸಿಬಿಟ್ಟರು. ತಿಂಗಳ ಕೊನೆಗೆ ಪೂರ್ತಿ ಕಟ್ಟಬೇಕೆಂದೇನೂ ಇಲ್ಲ, ಸ್ವಲ್ಪ ಕಟ್ಟಿ ಉಳಿದದ್ದಕ್ಕೆ ಬಡ್ಡಿ ಕೊಟ್ಟರೆ ಆಯಿತು. ಇಂದಿನ ಕ್ರೆಡಿಟ್ ಕಾರ್ಡಿನ ಜಾಯಮಾನ ಅಲ್ಲಿಂದ ಬಂದದ್ದು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕಾರ್ಡು ಹೊರಡಿಸಿತು. 2024ರ ಆರಂಭದ ಹೊತ್ತಿಗೆ ದೇಶದಲ್ಲಿ ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿತು. ದೇಶದ ಜನಸಂಖ್ಯೆ 140 ಕೋಟಿಗೂ ಹೆಚ್ಚು, ಒಬ್ಬೊಬ್ಬರ ಹತ್ತಿರ ಎರಡು ಮೂರು ಕಾರ್ಡು ಇರುವುದೂ ಉಂಟು. ಅಂದ ಮೇಲೆ ಕಾರ್ಡಿಲ್ಲದೆ ಬದುಕುತ್ತಿರುವವರೇ ಬಹುಪಾಲು. ಬಸ್ ನಿಲ್ದಾಣದ ಹುಡುಗನಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತದೆ.

ಕಾರ್ಡಿನಲ್ಲಿ ಒಳ್ಳೆಯದೇನೂ ಇಲ್ಲ ಎಂದಲ್ಲ. ಬಿಲ್ಲು ಬಂದ ಮೇಲೆ ಗಡುವಿನೊಳಗೆ ಪೂರ್ತಿ ಹಣ ಕಟ್ಟುವವನಿಗೆ ಅದು ನಲವತ್ತೈದು ಐವತ್ತು ದಿನದ ಕೈಗಡ, ಬಡ್ಡಿ ಇಲ್ಲ. ಬೆಂಗಳೂರಿನಲ್ಲಿ ಸಂಬಳದ ಕೆಲಸದಲ್ಲಿರುವ ನನ್ನ ಮಗ ಹಾಗೇ ಬಳಸುತ್ತಾನೆ. ವಿದೇಶಕ್ಕೆ ಹೋಗುವವರಿಗೆ, ಊರೂರು ತಿರುಗುವ ವ್ಯಾಪಾರಸ್ಥರಿಗೆ ಅನುಕೂಲ. ಆದರೆ ಗಮನಿಸಿ, ಆ ಕಾರ್ಡು ತಿಂಗಳಿನ ಲೆಕ್ಕದಲ್ಲಿ ಓಡುತ್ತದೆ. ಒಂದನೇ ತಾರೀಕು ಸಂಬಳ ಬರುವವನಿಗಾಗಿ ಮಾಡಿದ್ದು ಅದು. ನಮ್ಮ ಆಲೂಗಡ್ಡೆ ಮೂರು ತಿಂಗಳಿಗೆ ಬರುತ್ತದೆ, ಅಂಗಮಾರಿ ಬಿದ್ದರೆ ಬರುವುದೇ ಇಲ್ಲ. ಶುಂಠಿಗೆ ಒಂಬತ್ತು ಹತ್ತು ತಿಂಗಳು ಕಾಯಬೇಕು, ಕೊಳೆ ರೋಗ ಬಂದರೆ ಬೀಜದ ದುಡ್ಡೂ ಹುಟ್ಟುವುದಿಲ್ಲ. ಅರಸೀಕೆರೆ ಕಡೆಯ ನೆಂಟರಿಗೆ ತೆಂಗಿನಕಾಯಿ ಕೊಬ್ಬರಿಯಾಗುವ ತನಕ ಅಟ್ಟದ ಮೇಲೆ ಕಾಯಬೇಕು. ನಮ್ಮಲ್ಲಿ ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಕಾಸು ಬರುವುದು ಡೇರಿಯ ಹಾಲಿನ ಬಟವಾಡೆ ಒಂದೇ, ಅದು ಹೆಂಗಸರ ಕೈಯ ಹಿಂಡಿ ಬೂಸದ ಲೆಕ್ಕಕ್ಕೇ ಹೊರಟುಹೋಗುತ್ತದೆ.

ಇದನ್ನು ಅರಿತೇ 1998ರಲ್ಲಿ ಸರ್ಕಾರ ರೈತರಿಗೆ ಬೇರೆಯದೇ ಕಾರ್ಡು ತಂದಿತು. ಅದೇ ಕಿಸಾನ್ ಕ್ರೆಡಿಟ್ ಕಾರ್ಡು. ಹೆಸರಿಗೆ ಕಾರ್ಡು, ಮೊದಮೊದಲು ಅದು ಕಾರ್ಡಿನ ಜೊತೆಗೆ ಒಂದು ಪಾಸ್ ಪುಸ್ತಕ. ಅದರಲ್ಲಿ ಹೆಸರು, ಊರು, ಜಮೀನಿನ ವಿವರ, ಎಷ್ಟು ಸಾಲ ಎಂಬ ಮಿತಿ ಬರೆದಿರುತ್ತಿತ್ತು. ನಮ್ಮ ಸದಸ್ಯರೊಬ್ಬರು ಅದನ್ನು ಜೇಬಿನಲ್ಲಿಟ್ಟುಕೊಂಡು ಹಾಸನದ ಬಟ್ಟೆ ಅಂಗಡಿಗೆ ಹೋಗಿ ಸೀರೆ ಕೊಡಿ ಅಂದದ್ದು ಊರಿಗೆಲ್ಲ ಗೊತ್ತು! 2012ರಲ್ಲಿ ಯೋಜನೆ ತಿದ್ದಿ ಎ.ಟಿ.ಎಂ.ನಲ್ಲೂ ಬಳಸುವಂಥ ಕಾರ್ಡು ಮಾಡಿದರು. ಬೆಳೆಯ ಸಾಲಮಿತಿಯ ಮೇಲೆ ನೂರಕ್ಕೆ ಹತ್ತರಷ್ಟು ಮನೆಖರ್ಚು ಮತ್ತು ಕೊಯ್ಲಿನ ನಂತರದ ಖರ್ಚಿಗೆ ಸೇರಿಸಿದರು. ರೈತನ ಮನೆಯಲ್ಲೂ ಒಲೆ ಉರಿಯುತ್ತದೆ ಎಂದು ಒಪ್ಪಿಕೊಂಡ ಹಾಗಾಯಿತು. ಸಾಲದ ಗಡುವು ತಿಂಗಳಿನ ಲೆಕ್ಕದಲ್ಲಲ್ಲ, ಬೆಳೆಯ ಲೆಕ್ಕದಲ್ಲಿ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲ ಗಡುವಿನೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ. ಮಿತಿ 3 ಲಕ್ಷ ಇದ್ದದ್ದನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಿದರು.

ಇನ್ನೊಂದು ಕಾರ್ಡಿನ ಬಡ್ಡಿ ಎಷ್ಟು? ಬಹಳಷ್ಟು ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಆಸುಪಾಸು. ನನ್ನ ಬಾಲ್ಯದ ಸಾಹುಕಾರರ ಮರ್ಯಾದಸ್ಥ ಬಡ್ಡಿಗಿಂತ ಅರ್ಧ ರೂಪಾಯಿ ಹೆಚ್ಚು! ವರ್ಷಕ್ಕೆ ಸುಮ್ಮನೆ ಗುಣಿಸಿದರೆ ನೂರಕ್ಕೆ 42, ಚಕ್ರಬಡ್ಡಿ ಹಿಡಿದರೆ 51. ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ನೂರಕ್ಕೆ 30ರ ಮೇಲೆ ತೆಗೆದುಕೊಳ್ಳಬಾರದು ಎಂದು ತೀರ್ಪು ಕೊಟ್ಟಿತ್ತು. ಬಡ್ಡಿಯ ದರ ಗೊತ್ತುಮಾಡುವುದು ಆಯೋಗದ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಅದನ್ನು ತಳ್ಳಿಹಾಕಿತು. ಕಾನೂನಿನ ಸೂಕ್ಷ್ಮ ನನಗೆ ತಿಳಿಯದು. ಊರ ಸಾಹುಕಾರನ ಮೇಲೆ 1961ರ ಲೇವಾದೇವಿ ಕಾಯ್ದೆಯೂ ಇದೆ, ವಿಪರೀತ ಬಡ್ಡಿ ನಿಷೇಧಿಸುವ 2004ರ ಕಾಯ್ದೆಯೂ ಇದೆ. ಟೈ ಕಟ್ಟಿಕೊಂಡು ಬಂದರೆ ಅದೇ ಬಡ್ಡಿ ಮರ್ಯಾದೆಯಾಗಿಬಿಡುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಎಲೆಯಲ್ಲಿ ಬಿದ್ದದ್ದನ್ನೂ ಹೇಳಬೇಕು. ಸದಸ್ಯರು ಬೇಸರ ಮಾಡಿಕೊಳ್ಳಬಾರದು. ಪ್ರತಿ ವರ್ಷ ಮಾರ್ಚಿ ತಿಂಗಳಲ್ಲಿ ಸಂಘದ ಬಾಗಿಲಲ್ಲಿ ಒಂದು ನಾಟಕ ನಡೆಯುತ್ತದೆ. ಕಳೆದ ವರ್ಷದ ಸಾಲ ಕಟ್ಟಲು ಕೈಯಲ್ಲಿ ಕಾಸಿಲ್ಲದವರು ಹೊರಗಡೆ ನಾಲ್ಕು ದಿನದ ಮಟ್ಟಿಗೆ ಬಡ್ಡಿಗೆ ತಂದು ಸಂಘಕ್ಕೆ ಕಟ್ಟುತ್ತಾರೆ. ಸಂಘ ಹೊಸ ಸಾಲ ಮಂಜೂರು ಮಾಡುತ್ತದೆ. ಅದನ್ನು ತಗೊಂಡು ಹೋಗಿ ಹೊರಗಿನವನಿಗೆ ಬಡ್ಡಿ ಸಮೇತ ಕೊಡುತ್ತಾರೆ. ಪುಸ್ತಕದಲ್ಲಿ ವಸೂಲಿ ನೂರಕ್ಕೆ ನೂರು. ಹೊಲಕ್ಕೆ ಒಂದು ಕಾಸೂ ಹೋಗಿಲ್ಲ. ಬಡ್ಡಿ ಸೊನ್ನೆ ಎಂದು ನಾವು ಭಾಷಣ ಮಾಡುತ್ತೇವೆ, ಆ ನಾಲ್ಕು ದಿನದ ಬಡ್ಡಿ ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ. ನಾನು ಆಡಳಿತ ಮಂಡಳಿಯಲ್ಲಿದ್ದಾಗ ಇಂಥ ಕಡತಗಳಿಗೆ ರುಜು ಹಾಕಿದ್ದೇನೆ. ಗೊತ್ತಿದ್ದೂ ಹಾಕಿದ್ದೇನೆ. ಕಾರ್ಡಿನವರು ಕನಿಷ್ಠ ಮೊತ್ತ ಕಟ್ಟಿ ಸಾಲ ಮುಂದಕ್ಕೆ ತಳ್ಳಿ ಅನ್ನುವುದಕ್ಕೂ ಇದಕ್ಕೂ ಎಷ್ಟು ದೂರ? 2017ರಲ್ಲಿ ಸಹಕಾರ ಸಂಘಗಳ 50 ಸಾವಿರದವರೆಗಿನ ಸಾಲ ಮನ್ನಾ ಆಯಿತು, 2018ರಲ್ಲಿ ಮತ್ತೊಂದು ಮನ್ನಾ ಘೋಷಣೆಯಾಯಿತು. ಬಹಳ ಜನಕ್ಕೆ ಉಸಿರು ಬಂತು, ನಿಜ. ಪ್ರಾಮಾಣಿಕವಾಗಿ ಕಟ್ಟಿದವರು “ನಾವು ಪೆದ್ದರಾದ್ವಿ” ಎಂದು ನನ್ನ ಮುಖಕ್ಕೇ ಅಂದರು. ಅವರಿಗೆ ಏನು ಹೇಳಬೇಕೋ ಆವತ್ತೂ ತಿಳಿಯಲಿಲ್ಲ.

ಹೆಂಗಸರ ಗುಂಪುಗಳ ಕಥೆ ಪ್ರತ್ಯೇಕವಾಗಿ ಬರೆಯಬೇಕಾದದ್ದು. ಸ್ತ್ರೀಶಕ್ತಿ ಸಂಘಗಳು 2000-01ರಲ್ಲಿ ಶುರುವಾದಾಗ ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಉಳಿತಾಯ. ಆಮೇಲೆ ಮನೆ ಬಾಗಿಲಿಗೆ ಮೈಕ್ರೋ ಫೈನಾನ್ಸಿನವರು ಬಂದರು. ಒಂದೇ ಮನೆಗೆ ನಾಲ್ಕು ಕಡೆಯ ಸಾಲ, ವಾರದ ಕಂತು. ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಡುವಂತಾಗಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಕಾರ್ಡಿಲ್ಲದೆ ಕೆಲಸ ಕೆಡುತ್ತದೆಯೇ ಎಂದು ಕೇಳುವವರಿಗೆ ಒಂದು ಮಾತು. ದುಡ್ಡು ಕೊಡಲು ಈಗ ಫೋನಿದೆ. 2016ರಲ್ಲಿ ಯು.ಪಿ.ಐ. ಬಂದ ಮೇಲೆ ದೇವಸ್ಥಾನದ ಮುಂದೆ ಎಳನೀರು ಮಾರುವವರೂ ಆ ಚೌಕದ ಚಿತ್ರ ತೂಗುಹಾಕಿದ್ದಾರೆ. ಅದು ನಮ್ಮ ಖಾತೆಯಲ್ಲಿರುವ ನಮ್ಮ ದುಡ್ಡು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಅದೇ ಫೋನಿಗೆ ಜೋಡಿಸಬಹುದು, ಆಗ ಅದು ಸಾಲದ ದುಡ್ಡು. ಎರಡೂ ಒಂದೇ ಸದ್ದು ಮಾಡುತ್ತವೆ, ನೋಡಿಕೊಳ್ಳಬೇಕು. ಕಾರ್ಡಿಲ್ಲದಿದ್ದರೆ ಸಿಬಿಲ್ ಅಂಕ ಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಬ್ಯಾಂಕಿನ ಒಡವೆ ಸಾಲವನ್ನೋ ಟ್ರ್ಯಾಕ್ಟರ್ ಸಾಲವನ್ನೋ ಸರಿಯಾಗಿ ಕಟ್ಟಿದರೂ ಅಂಕ ಬರುತ್ತದೆ. ಕೇಳದೆ ಕಾರ್ಡು ಕಳಿಸುವಂತಿಲ್ಲ, ಮುಚ್ಚಿ ಎಂದು ಕೇಳಿದರೆ ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ಇದನ್ನು ಬರೆದಿಟ್ಟುಕೊಳ್ಳಿ.

ನನಗೆ ಈ ನಿಯಮ ಗೊತ್ತಾದದ್ದು ನಮ್ಮ ಬೀದಿಯ ಒಬ್ಬ ಹುಡುಗನಿಂದ. ಅವನೂ ನಮ್ಮ ಸದಸ್ಯನೇ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕಾರ್ಡು ತಗೊಂಡಿದ್ದ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಇಲ್ಲೇ ನಿಂತು ಶುಂಠಿ ಹಾಕಿದ. ಗೊಬ್ಬರ, ಔಷಧಿ, ಮಗುವಿನ ಆಸ್ಪತ್ರೆ ಎಲ್ಲಕ್ಕೂ ಅದೇ ಕಾರ್ಡು. ಒಂದು ಸಂಜೆ ಇಂಗ್ಲಿಷಿನ ಬಿಲ್ಲು ಹಿಡಿದುಕೊಂಡು ಬಂದ. “ತಿಂಗಳು ತಿಂಗಳು ಎರಡ್ಸಾವ್ರ ಕಟ್ತಾನೇ ಇದೀನಿ ಮೇಷ್ಟ್ರೇ, ಸಾಲ ಹಂಗೇ ಕೂತದೆ.” ಸ್ಲೇಟು ತೆಗೆದು ಲೆಕ್ಕ ಹಾಕಿದೆವು. ಬಾಕಿ 40,000. ಒಂದು ತಿಂಗಳ ಬಡ್ಡಿ 1,400. ಬಡ್ಡಿಯ ಮೇಲೆ ಶೇಕಡಾ 18 ತೆರಿಗೆ 252. ಕಟ್ಟಿದ 2,000ದಲ್ಲಿ ಅಸಲಿಗೆ ಹೋದದ್ದು 348 ರೂಪಾಯಿ. ಅವನು ಬಹಳ ಹೊತ್ತು ಸ್ಲೇಟನ್ನೇ ನೋಡುತ್ತಾ ಕೂತಿದ್ದ. ಅವನ ಹೆಂಡತಿ ಮಾತಾಡದೆ ಒಳಗೆ ಹೋಗಿ ಕೊರಳಿನ ಸರ ಬಿಚ್ಚಿ ತಂದಳು.

ಮರುದಿನ ಸಂಘದಲ್ಲಿ ಒಡವೆ ಸಾಲ ಬರೆಸಿದೆವು, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಲೆಕ್ಕ. ಕಾರ್ಡಿನ ಬಾಕಿ ಪೂರ್ತಿ ಕಟ್ಟಿ, ಮುಚ್ಚಿಕೊಡಿ ಎಂದು ಅರ್ಜಿ ನಾನೇ ಬರೆದುಕೊಟ್ಟೆ. ಎರಡನೇ ವಾರದಲ್ಲಿ ಮುಚ್ಚಿದ ಸಂದೇಶ ಫೋನಿಗೆ ಬಂತು. ಶುಂಠಿಗೆ ಒಳ್ಳೆ ರೇಟು ಬಂದ ವರ್ಷ ಸರ ಬಿಡಿಸಿಕೊಂಡ. ಷೇರು ಹಣ ಹೆಚ್ಚಿಸುತ್ತೇನೆ ಎಂದು ಅಂದು ಹೇಳಿದ್ದ, ಇನ್ನೂ ಹೆಚ್ಚಿಸಿಲ್ಲ. ಈ ಸಂಚಿಕೆ ಓದಿದರೆ ಅವನಿಗೆ ನೆನಪಾಗುತ್ತದೆ.